ಬೇಲಿ ದಾಟಿದ ಪ್ರಿಂಟರ್

ಮೊಬೈಲಿನಲ್ಲಿ ಮಾತಾಡಬೇಕಾದರೆ ನೀರಿನ ಟ್ಯಾಂಕಿನ ಏಣಿ ಹತ್ತಬೇಕಿದ್ದ ಕಾಲ ಅದು. ಬೊಕ್ಕಾಪುರದಲ್ಲಿ ಯಾರಾದರೂ ಟ್ಯಾಂಕಿನ ಕಡೆ ಓಡುತ್ತಿದ್ದರೆ ಅವರ ಮನೆಯಲ್ಲಿ ಹೆರಿಗೆಯೋ ಸಾವೋ ಆಗಿದೆ ಎಂದೇ ಜನ ತಿಳಿಯುತ್ತಿದ್ದರು. ಅಂಥ ಊರಿನಲ್ಲಿ ನಮ್ಮ ಮನೆಗೆ ತಂತಿಯ ಮೇಲೆ ಇಂಟರ್ನೆಟ್ ಬಂದಿತ್ತು. ಅಪ್ಪ ಮೇಲಿನ ಪವರ್‌ಹೌಸ್ ಕ್ಯಾಂಪಿನಲ್ಲಿ ಕೆಲಸ ಮಾಡುತ್ತಿದ್ದರು. ತುರ್ತಿಗೆ ಕರೆಯಲು ಬೇಕೆಂದು ಹಾಕಿಸಿದ್ದ ಟೆಲಿಫೋನಿಗೆ ಆ ವರ್ಷ ಒಂದು ಮೋಡೆಮ್ಮೂ ಸೇರಿಕೊಂಡಿತು. ಅದರ ಹಸಿರು ದೀಪಗಳು ಮಿಣಮಿಣ ಅನ್ನುವುದನ್ನು ಕಂಡು ಅಜ್ಜಿ ಅದನ್ನು ದೇವರ ಗೂಡಿನ ಪಕ್ಕದಲ್ಲೇ ಇಡಿಸಿದಳು. ಸೋಮವಾರ ಬಂತೆಂದರೆ ಒದ್ದೆಬಟ್ಟೆಯಲ್ಲಿ ಅದರ ಮೈಯೆಲ್ಲ ಒರೆಸಿ ಮೂರು ಗೆರೆ ವಿಭೂತಿ ಎಳೆಯುತ್ತಿದ್ದಳು.

ನನ್ನ ಅವ್ವ ಗುಂಡ್ಲುಪೇಟೆ ಕಡೆಯವಳು. ಅಲ್ಲಿ ಪಿಯುಸಿ ಓದಿ ಟೈಪಿಂಗ್ ಕಲಿತಿದ್ದಳು. ಮದುವೆಯಾಗಿ ಇಲ್ಲಿಗೆ ಬಂದಾಗ ಅವಳಿಗೊಂದು ವಿಚಿತ್ರ ಕಂಡಿತು. ಕೊಟ್ಟಿಗೆಯಲ್ಲಿ ಕನ್ನಡ, ಬಾವಿಕಟ್ಟೆಯಲ್ಲಿ ಕನ್ನಡ, ಜಗಳವಂತೂ ಶುದ್ಧ ಕನ್ನಡ. ಆದರೆ ಬಸ್ಸಿನ ಬೋರ್ಡಿನಿಂದ ಹಿಡಿದು ಬೆಂಕಿಪೊಟ್ಟಣದವರೆಗೆ ಒಂದು ಕನ್ನಡ ಅಕ್ಷರ ಇಲ್ಲ. ಊರು ಗಡಿಯ ತಮಿಳು ಕಡೆಗೆ ಸೇರಿದ್ದರಿಂದ ಶಾಲೆಯೂ ತಮಿಳಿನದು. ನಾನೂ ಅಲ್ಲೇ ಓದುತ್ತಿದ್ದೆ. ಅವ್ವ ನನಗೆ ಕನ್ನಡವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಕಲಿಸಿದಳು. ಅದನ್ನು ನೋಡಲು ಪಕ್ಕದ ಮನೆಯ ಸೆಲ್ವಿ ಬಂದಳು, ಸೆಲ್ವಿಯ ಹಿಂದೆ ಮಾದೇಶ ಬಂದ, ಹೀಗೆ ನೋಡನೋಡುತ್ತ ನಮ್ಮ ಜಗಲಿ ತುಂಬಿತು.

ಊರಿನ ಕೆಲವರಿಗೆ ಅದು ತಮಾಷೆ. "ತಮಿಳು ಓದಿದವರ್ಗೇ ಕೆಲ್ಸ ಸಿಗದು, ಇನ್ನು ಕನ್ನಡ ಓದಿ ಯಾವ ಆನೆಗೆ ಕಾಗದ ಬರೀತಾವೆ ಇವು?" ಎನ್ನುತ್ತಿದ್ದರು. ಅವ್ವ ಮಾತ್ರ ಆ ಸಲ ಕ್ವಾರ್ಟರ್ಲಿ ಪರೀಕ್ಷೆಯ ರಜೆ ಶುರುವಾದ ದಿನ ಮಕ್ಕಳಿಗೆ ಒಂದು ಮಾತು ಕೊಟ್ಟುಬಿಟ್ಟಳು. "ರಜ ಮುಗಿಯೋದ್ರೊಳಗೆ ನಿಮ್ಗೆಲ್ಲ ಒಂದೊಂದು ಪುಸ್ತಕ. ಅಂಗಡೀದಲ್ಲ, ನಾನೇ ಮಾಡಿದ್ದು. ಮೇಲ್ಗಡೆ ನಿಮ್ನಿಮ್ಮ ಹೆಸ್ರು ಅಚ್ಚಾಗಿರ್ತದೆ."

ಅಚ್ಚಾದ ಹೆಸರು! ಮಾದೇಶ ಆ ದಿನ ಮನೆಗೆ ಹೋಗಿ ಎಮ್ಮೆಗಳಿಗೂ ಆ ಸುದ್ದಿ ಹೇಳಿದನಂತೆ.

ಅವ್ವ ಧೈರ್ಯ ಮಾಡಿದ್ದು ಮಹೇಶ ಮಾವನನ್ನು ನಂಬಿ. ಅವ್ವನ ತಮ್ಮ ಮಹೇಶ ಮಾವ ಗುಂಡ್ಲುಪೇಟೆಯಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದ. ಅಂಗಡಿಗೆ ಹೊಸದು ಬಂತೆಂದು ಹಳೆಯ ಕಂಪ್ಯೂಟರನ್ನೂ ಒಂದು ಸಣ್ಣ ಬಿಳಿ ಪ್ರಿಂಟರನ್ನೂ ಗೋಣಿಚೀಲದಲ್ಲಿ ಸುತ್ತಿ ಜೀಪಿನಲ್ಲಿ ತಂದ. ಊಟ ಮಾಡಿ, ಎರಡನ್ನೂ ಮೇಜಿನ ಮೇಲೆ ಜೋಡಿಸಿದ. ಎರಡರ ನಡುವೆ ಹಾಕುವ ಕೇಬಲ್ ಮಾತ್ರ ಅಂಗಡಿಯಲ್ಲೇ ಉಳಿದಿತ್ತು.

"ಈಗ ತಂತಿ ಯಾರಿಗೆ ಬೇಕಕ್ಕ? ಎಲ್ಲ ಗಾಳಿ ಮೇಲೇ ಹೋಯ್ತದೆ," ಎಂದು ಪ್ರಿಂಟರಿನ ಪುಟ್ಟ ಪರದೆಯ ಮೇಲೆ ಏನೇನೋ ಒತ್ತಿದ. ಅದು ತನ್ನಷ್ಟಕ್ಕೆ ಒಂದು ಟೆಸ್ಟ್ ಹಾಳೆ ಹೊರಹಾಕಿತು. "ನೋಡ್ದಾ?" ಎಂದವನೇ, ಚೆಕ್‌ಪೋಸ್ಟ್ ಮುಚ್ಚುವ ಮೊದಲು ಕಾಡು ದಾಟಬೇಕೆಂದು ಹೊರಟೇಬಿಟ್ಟ.

ಮರುದಿನ ಬೆಳಗ್ಗೆ ಅವ್ವ ತಲೆಗೆ ಸ್ನಾನ ಮಾಡಿ ಕಂಪ್ಯೂಟರಿನ ಮುಂದೆ ಕೂತಳು. ಮಕ್ಕಳು ಮೇಜಿಗೆ ಮುತ್ತಿಕೊಂಡರು. ಅವ್ವ 'ಅ' ಎಂದು ಒಂದು ಹಾಳೆಯಷ್ಟು ದೊಡ್ಡದಾಗಿ ಟೈಪು ಮಾಡಿ ಪ್ರಿಂಟ್ ಒತ್ತಿದಳು. ಪ್ರಿಂಟರ್ ಸುಮ್ಮನಿತ್ತು. ಪರದೆಯ ಮೂಲೆಯಲ್ಲಿ ಒಂದು ಪದ ಬಂತು. ನಾನು ಇಂಗ್ಲಿಷ್ ಅಕ್ಷರ ಕೂಡಿಸಿ ಓದಿದೆ: "ಆಫ್‌ಲೈನ್."

"ಹಂಗಂದ್ರೆ?" ಅಜ್ಜಿ ಕೇಳಿದಳು.

"ಪ್ರಿಂಟರ್ ಇಲ್ಲ ಅಂತದೆ ಅಜ್ಜಿ."

"ಇಲ್ಲೇ ಅದಲ್ಲವ್ವ, ಕಲ್ಲುಗುಂಡು ಕೂತಂಗೆ! ಅದಕ್ಕೇನು ಕಣ್ಣು ಕಾಣದಾ?"

ಅಜ್ಜಿ ಹೇಳಿದ್ದು ನಿಜವೇ. ಕಂಪ್ಯೂಟರಿಗೂ ಪ್ರಿಂಟರಿಗೂ ನಡುವೆ ಒಂದು ಗೇಣು ಜಾಗ. ಆ ಒಂದು ಗೇಣಿನಲ್ಲಿ ನಮ್ಮ ರಜೆ ಸಿಕ್ಕಿಹಾಕಿಕೊಂಡಿತು.

ಅವ್ವ ಮಾವನಿಗೆ ಫೋನು ಮಾಡಿದಳು. "ಆಫ್ ಮಾಡಿ ಆನ್ ಮಾಡಕ್ಕ," ಎಂದ. ಮಾಡಿದಳು. "ಪ್ರಿಂಟರ್ ಹೆಸ್ರು ಅಳಿಸಿ ಮತ್ತೆ ಸೇರ್ಸಕ್ಕ," ಎಂದ. ಅಳಿಸಿದಳು, ಮತ್ತೆ ಸೇರಿಸಲು ಹೋದರೆ ಕಂಪ್ಯೂಟರಿಗೆ ಪ್ರಿಂಟರ್ ಸಿಗಲೇ ಇಲ್ಲ. ಹುಡುಕುತ್ತಿದ್ದೇನೆ, ಹುಡುಕುತ್ತಿದ್ದೇನೆ ಎಂದು ಒಂದು ಹಸಿರು ಪಟ್ಟಿ ಆ ಕಡೆಯಿಂದ ಈ ಕಡೆಗೆ ಓಡುತ್ತಿತ್ತು, ಕೊನೆಗೆ ಏನೂ ಸಿಗಲಿಲ್ಲ ಎಂದು ನಿಲ್ಲುತ್ತಿತ್ತು. ಕೇಬಲ್ ಬೇಕೆಂದರೆ ಅಪ್ಪ ಗೂಡಲೂರಿಗೆ ಹೋಗಬೇಕು. ಮಳೆಗಾಲದಲ್ಲಿ ಅವರಿಗೆ ರಜೆ ಇಲ್ಲ.

ಮಕ್ಕಳಾದ ನಮಗೆ ಮಾತ್ರ ಹೊಸ ಆಟ ಸಿಕ್ಕಿತು. ಒಬ್ಬರು "ಆಫ್‌ಲೈನ್!" ಎಂದು ಕೂಗಿದರೆ ಉಳಿದವರೆಲ್ಲ ಇದ್ದ ಭಂಗಿಯಲ್ಲೇ ಕಲ್ಲಾಗಬೇಕು. ಕದಲಿದವರು ಔಟ್. ಸೆಲ್ವಿ ಒಂದು ಸಲ ಬಾಯಿತುಂಬ ಹುರುಳಿ ಗುಗ್ಗರಿ ಇಟ್ಟುಕೊಂಡೇ ಕಲ್ಲಾದಳು. ಅಂಗಳಕ್ಕೆ ಬಂದ ಜಿಂಕೆಯೊಂದು ಅವಳನ್ನೇ ದಿಟ್ಟಿಸುತ್ತ ನಿಂತಿತು. ಅದೂ ಆಟಕ್ಕೆ ಸೇರಿದೆ ಎಂದು ನಾವು ನಕ್ಕಿದ್ದೇ ನಕ್ಕಿದ್ದು.

ಆದರೆ ರಜೆಯ ದಿನಗಳು ಸರಿಯುತ್ತಿದ್ದವು. ಹಿಂಗಾರು ಮಳೆ ಮಧ್ಯಾಹ್ನವಾದರೆ ಸಾಕು, ಬೆಟ್ಟದ ಮೇಲಿಂದ ಇಳಿದು ಬರುತ್ತಿತ್ತು. ಜಗಲಿಗೆ ಬರುವ ಮಕ್ಕಳು ಕಡಿಮೆಯಾದರು. ಒಬ್ಬನನ್ನು ಅವರಪ್ಪ ಎಮ್ಮೆ ಹಿಂದೆ ಕಳಿಸಿದ, ಇನ್ನೊಬ್ಬಳನ್ನು ಅವಳ ಅತ್ತೆ ಕೂಸು ಎತ್ತಿಕೊಳ್ಳಲು ಕರೆದಳು. "ಪುಸ್ತಕ ಬಂತಾ?" ಎಂದು ದಾರಿಯಲ್ಲಿ ಕೇಳುತ್ತಿದ್ದವರ ದನಿಯಲ್ಲಿ ನಗೆ ಇರುತ್ತಿತ್ತು. ಅವ್ವ ಸಂಜೆ ಕಾರ್ಬನ್ ಪೇಪರ್ ಇಟ್ಟು ಕೈಯಲ್ಲೇ ಬರೆಯಲು ಕೂತಳು. ಮೂರನೇ ಪ್ರತಿಯಲ್ಲಿ 'ಳ' ಯಾವುದು 'ಖ' ಯಾವುದು ಎಂದು ನನಗೂ ತಿಳಿಯುತ್ತಿರಲಿಲ್ಲ. ಅವಳು ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿ ಮಡಚಿಟ್ಟಳು.

ಅದಾದ ಮರುದಿನ ಮಧ್ಯಾಹ್ನ. ಮಳೆ ಆಗಷ್ಟೇ ನಿಂತಿತ್ತು. ನಾನು, ಸೆಲ್ವಿ, ಮಾದೇಶ ನೆಲದ ಮೇಲೆ ಕೂತು ಹುಣಸೆಬೀಜ ಆಡುತ್ತಿದ್ದೆವು. ಯಾರೂ ಮುಟ್ಟದ ಪ್ರಿಂಟರ್ ಗುರ್ ಎಂದು ಎದ್ದು ಕೂತಿತು. ಒಳಗೇನೋ ತಿರುಗಿತು. ಒಂದು ಹಾಳೆ ನಾಲಗೆಯ ಹಾಗೆ ಮೆಲ್ಲಗೆ ಹೊರಬಂತು.

ಮಾದೇಶ ಬಾಗಿಲಾಚೆ ಹಾರಿ ನಿಂತ. ಒಲೆಯ ಮುಂದಿದ್ದ ಅವ್ವ ಓಡಿಬಂದಳು. ಹಾಳೆಯಲ್ಲಿದ್ದದ್ದು ಊಟದ ಪಟ್ಟಿ! ಸೂಪು, ಪರೋಟ, ಚಿಲ್ಲಿ ಗೋಬಿ, ಕೋಳಿಯ ಹತ್ತು ಬಗೆ. ನಾವು ಓದಿ ಮುಗಿಸುವುದರಲ್ಲಿ ಅದೇ ಪಟ್ಟಿ ಮತ್ತೊಂದು ಬಂತು. ಮತ್ತೊಂದು. ಆಮೇಲೆ ಬರೀ 'ಟೆಸ್ಟ್ ಟೆಸ್ಟ್' ಎಂದಿದ್ದ ಹಾಳೆ. ಕೊನೆಗೆ ಒಂದು ಹಾಳೆಯ ನಟ್ಟನಡುವೆ ದಪ್ಪ ಇಂಗ್ಲಿಷ್ ಅಕ್ಷರದಲ್ಲಿ ಒಂದೇ ಒಂದು ಪದ. ನಾನು ಜೋರಾಗಿ ಓದಿದೆ.

"ದೈವಮೇ."

ಮಕ್ಕಳು ಕಿಸಕ್ಕನೆ ನಕ್ಕರು. ಅಜ್ಜಿ ನಗಲಿಲ್ಲ. "ಮಲೆಯಾಳದವ್ರು ಯಾರೋ ದೇವ್ರನ್ನ ಕರೀತಾವ್ರೆ ಕನವ್ವ," ಎಂದಳು. "ನಗಬ್ಯಾಡಿ. ಸುಮ್ಸುಮ್ಕೆ ಯಾರೂ ಹಂಗೆ ಕರೆಯಾಕಿಲ್ಲ."

ಅವ್ವ ಊಟದ ಪಟ್ಟಿಯ ತಲೆಯ ಮೇಲಿದ್ದ ಹೆಸರನ್ನು ನೋಡಿದಳು. ಅದು ನಮ್ಮ ಹಿತ್ತಲಿನ ಆಚೆಗಿದ್ದ ರೆಸಾರ್ಟಿನ ಹೆಸರು. ನಡುವೆ ಇದ್ದದ್ದು ಒಂದಿಷ್ಟು ಲಾಂಟಾನ ಪೊದೆ, ಆನೆ ಬಾರದಂತೆ ಹಾಕಿದ ಸೋಲಾರ್ ಬೇಲಿ. ಅವರ ಕಾರುಗಳ ಬಾಗಿಲು ಬಡಿಯುವುದು ನಮಗೆ ಕೇಳುತ್ತಿತ್ತು, ನಮ್ಮ ಎಮ್ಮೆ ಕೂಗಿದ್ದು ಅವರಿಗೆ ಕೇಳುತ್ತಿತ್ತು, ಅಷ್ಟೇ ಒಡನಾಟ. ಊರಿನಿಂದ ಅಲ್ಲಿಗೆ ಹೋಗುತ್ತಿದ್ದವರು ಹೆಚ್ಚಾಗಿ ಕಸ ಗುಡಿಸಲು, ಬಟ್ಟೆ ಒಗೆಯಲು ಹೋಗುವ ಹೆಂಗಸರು. ಅವ್ವ ಒಂದು ದಿನವೂ ಆ ಗೇಟಿನೊಳಗೆ ಕಾಲಿಟ್ಟಿರಲಿಲ್ಲ.

ಅವಳು ಹಾಳೆಗಳನ್ನೆಲ್ಲ ಜೋಡಿಸಿ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಕೊಂಡು ಸೆರಗು ಸರಿಮಾಡಿಕೊಂಡಳು. "ಗಿರಿಜಾ, ಚಪ್ಪಲಿ ಹಾಕ್ಕೊ. ಹೋಗಿ ಬರಮ."

"ಬೆಳಕಿರೋವಾಗ್ಲೇ ಬಂದ್ಬುಡಿ," ಅಜ್ಜಿ ಎಚ್ಚರಿಸಿದಳು. "ಹಳ್ಳದ ತಾವ ಒಂಟಿ ಆನೆ ಅದೆ ಅಂತಿದ್ರು."

ಬೇಲಿ ಸುತ್ತಿಕೊಂಡು ರಸ್ತೆಯ ಮೇಲೇ ಹೋದೆವು. ಒದ್ದೆ ಲಾಂಟಾನದ ಖಾರವಾದ ವಾಸನೆ, ಅದರೊಳಗೆ ಹಸಿ ಲದ್ದಿಯ ವಾಸನೆ. ಅವ್ವ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಆನೆಗೋ ಆ ಗೇಟಿಗೋ, ಯಾವುದಕ್ಕೆ ಅಷ್ಟು ಬಿಗಿಯೆಂದು ನನಗೆ ಗೊತ್ತಾಗಲಿಲ್ಲ. ಗೇಟಿನ ಕಾವಲುಗಾರ ನಮ್ಮೂರಿನವನೇ. "ಕೆಲ್ಸ ಕೇಳಕೆ ಬಂದ್ರಾ ಅಕ್ಕ?" ಎಂದ. "ಇಲ್ಲ ಕನಪ್ಪ, ಇವ್ರ ಸಾಮಾನು ನಮ್ಮನೇಗೆ ಬಂದದೆ, ಕೊಡಕೆ ಬಂದೆ," ಎಂದಳು ಅವ್ವ.

ಆಫೀಸಿನಲ್ಲಿ ಒಬ್ಬಳು ಹುಡುಗಿ ಕೂತಿದ್ದಳು, ಇಪ್ಪತ್ತರ ಆಸುಪಾಸು. ಅತ್ತು ಮುಖ ತೊಳೆದುಕೊಂಡಿದ್ದು ಕಾಣುತ್ತಿತ್ತು. ಪಕ್ಕದಲ್ಲಿ ಒಂದು ಬಿಳಿ ಪ್ರಿಂಟರ್, ನಮ್ಮದರ ಅವಳಿಯ ಹಾಗೆ. ಅವ್ವ ಕವರಿನಿಂದ ಹಾಳೆಗಳನ್ನು ತೆಗೆದು ಅವಳ ಮುಂದಿಟ್ಟಳು. 'ದೈವಮೇ' ಎಂಬ ಹಾಳೆ ಎಲ್ಲಕ್ಕಿಂತ ಮೇಲಿತ್ತು.

ಹುಡುಗಿ ಹಾಳೆ ನೋಡಿದಳು, ಅವ್ವನನ್ನು ನೋಡಿದಳು, ಎದ್ದೇ ನಿಂತಳು. "ಅಯ್ಯೋ ಚೇಚ್ಚೀ, ಇದು ಎವಿಡುನ್ನು ಕಿಟ್ಟಿ?"

"ಎಲ್ಲಿ ಸಿಕ್ತು ಅಂತೀಯಾ? ನಮ್ಮನೆ ಮೇಜಿನ್ ಮೇಲೆ!" ಎಂದಳು ಅವ್ವ. ಚೇಚ್ಚಿ ಎಂದರೆ ಅಕ್ಕ ಎಂಬುದು ಅವಳಿಗೆ ಗೊತ್ತಿತ್ತು.

ಅವಳ ಹೆಸರು ಶೀಜಾ. ಮಲೆಯಾಳದ ಗಡಿಯ ಪಂದಲೂರಿನವಳು. ಅವಳು ತಮಿಳಿಗೆ ಮಲಯಾಳ ಬೆರೆಸಿ ಹೇಳಿದಳು, ಅವ್ವ ಕನ್ನಡಕ್ಕೆ ತಮಿಳು ಬೆರೆಸಿ ಕೇಳಿದಳು. ಇಬ್ಬರಿಗೂ ಎಲ್ಲ ತಿಳಿಯಿತು. ಅವಳು ಕೆಲಸಕ್ಕೆ ಸೇರಿ ತಿಂಗಳೂ ಆಗಿರಲಿಲ್ಲ. ಆ ಮಧ್ಯಾಹ್ನವೇ ಮಿಂಚಿಗೆ ಕರೆಂಟು ಹೋಗಿ ಬಂದ ಮೇಲೆ ಪ್ರಿಂಟರಿನ ಹೆಸರನ್ನು ಕಂಪ್ಯೂಟರಿನಲ್ಲಿ ಮತ್ತೆ ಸೇರಿಸಿದ್ದಳು. ಆಮೇಲೆ ಏನು ಒತ್ತಿದರೂ ಕಂಪ್ಯೂಟರ್ 'ಪ್ರಿಂಟ್ ಆಯಿತು' ಎನ್ನುತ್ತಿತ್ತು, ಹಾಳೆ ಮಾತ್ರ ಬರುತ್ತಿರಲಿಲ್ಲ. ಮುದಲಾಳಿಗೆ, ಎಂದರೆ ರೆಸಾರ್ಟಿನ ಒಡೆಯನಿಗೆ, ಅವಳೇ ಪ್ರಿಂಟರ್ ಕೆಡಿಸಿದಳೆಂಬ ಸಿಟ್ಟು. ಸಂಜೆ ದೊಡ್ಡ ಗುಂಪೊಂದು ಬರುವುದಿತ್ತು. ಅಷ್ಟರೊಳಗೆ ಸರಿಯಾಗದಿದ್ದರೆ ನಾಳೆ ಬೆಳಗಿನ ಬಸ್ಸಿಗೆ ಊರಿಗೆ ಹೊರಡು ಎಂದಿದ್ದನಂತೆ.

"ನಿನ್ ಕಂಪ್ಯೂಟ್ರಲ್ಲಿ ಪ್ರಿಂಟರ್ ಹುಡುಕು ಅಂದ್ರೆ ಏನ್ ತೋರಿಸ್ತದೆ? ನಮ್ದ್ರಲ್ಲಿ ಏನೂ ಇಲ್ಲ ಅಂತದೆ," ಎಂದು ಅವ್ವ ಅವಳ ಕುರ್ಚಿಯ ಪಕ್ಕಕ್ಕೆ ಬಂದು ನಿಂತಳು.

ಶೀಜಾ ತೋರಿಸಿದಳು. ಪಟ್ಟಿಯಲ್ಲಿ ಎರಡು ಹೆಸರು, ಒಂದೇ ಥರ. ಬಾಲದ ಅಂಕಿಗಳಷ್ಟೇ ಬೇರೆ. ನಮ್ಮ ಪ್ರಿಂಟರಿನ ಹಿಂದೆ ಅಂಟಿಸಿದ್ದ ಚೀಟಿಯನ್ನು ಬೇಜಾರಿಗೆ ಎಷ್ಟು ಸಲ ಓದಿದ್ದೆನೋ. ಮೊದಲನೆಯದನ್ನು ಬೆರಳಿಟ್ಟು ತೋರಿಸಿ ಕೂಗಿದೆ, "ಅವ್ವ, ಇದು ನಮ್ದು!"

ಶೀಜಾ ಎರಡನೆಯ ಹೆಸರನ್ನು ಆರಿಸಿ ಒತ್ತಿದಳು. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಅವಳ ಪಕ್ಕದ ಪ್ರಿಂಟರ್ ಕೆಮ್ಮಿತು, ದೀಪ ಹತ್ತಿತು, ಸೂಪು, ಪರೋಟ, ಚಿಲ್ಲಿ ಗೋಬಿ ಎಲ್ಲ ಸಾಲಾಗಿ ಹೊರಬಂದವು. ಅವಳು ಹಾಳೆಯನ್ನು ಕೈಗೆತ್ತಿಕೊಂಡಳೇ ಹೊರತು ಓದಲಿಲ್ಲ. ಅವ್ವನ ಭುಜಕ್ಕೆ ಹಣೆ ಒತ್ತಿ ನಿಂತುಬಿಟ್ಟಳು. ಅವ್ವ, ಹೊರಗಿನವರ ಮುಂದೆ ನನ್ನನ್ನೂ ಮುದ್ದಿಸದವಳು, ಅವಳ ಬೆನ್ನು ತಟ್ಟಿದಳು. "ಆಯ್ತಲ್ಲ ಮಗಾ, ಸರಿಹೋಯ್ತಲ್ಲ."

ನಮ್ಮ ಪ್ರಿಂಟರ್ ಇವರ ಪಟ್ಟಿಗೆ ಹೇಗೆ ಬಂತು ಎಂಬುದು ಉಳಿಯಿತು. ಶೀಜಾ ಸ್ವಲ್ಪ ಯೋಚಿಸಿ, ರೆಸಾರ್ಟಿನ ವೈಫೈಗೆ ಪಾಸ್‌ವರ್ಡ್ ಇಲ್ಲ ಎಂದಳು. ಬರುವ ಅತಿಥಿಗಳಿಗೆ ತೊಂದರೆ ಬೇಡವೆಂದು ಮುದಲಾಳಿಯೇ ಹಾಗೆ ಬಿಡಿಸಿದ್ದ. ಅವ್ವನಿಗೆ ತಟ್ಟನೆ ಹೊಳೆಯಿತು. ಚೆಕ್‌ಪೋಸ್ಟಿನ ಅವಸರದಲ್ಲಿದ್ದ ನಮ್ಮ ಮಾವ ಪ್ರಿಂಟರಿಗೆ ಯಾವ ವೈಫೈ ಮೊದಲು ಕಂಡಿತೋ, ಯಾವುದು ಪಾಸ್‌ವರ್ಡ್ ಕೇಳಲಿಲ್ಲವೋ ಅದಕ್ಕೇ ಸೇರಿಸಿ ಹೋಗಿದ್ದ. ಕಂಪ್ಯೂಟರ್ ತಂತಿಯಲ್ಲಿ ನಮ್ಮ ಮೋಡೆಮ್ಮಿಗೆ, ಪ್ರಿಂಟರ್ ಗಾಳಿಯಲ್ಲಿ ರೆಸಾರ್ಟಿನ ವೈಫೈಗೆ ಸೇರಿದ್ದವು. ಒಂದೇ ಮೇಜಿನ ಮೇಲೆ ಕೂತಿದ್ದರೂ ಎರಡೂ ಬೇರೆ ಬೇರೆ ಮನೆಯಲ್ಲಿದ್ದವು.

ಮನೆಗೆ ಬಂದು ಹೇಳಿದರೆ ಅಜ್ಜಿಗೆ ಆಶ್ಚರ್ಯವೇ ಆಗಲಿಲ್ಲ. "ಕಟ್ಟದೆ ಬುಟ್ಟ ಕರ ಯಾವ ಕೊಟ್ಟಿಗೆ ಬಾಗ್ಲು ತೆರೆದಿದ್ರೆ ಅದ್ಕೇ ನುಗ್ತದೆ. ಹಿಡ್ಕಬಂದು ಕಟ್ಟಾಕಿ," ಎಂದು ಗುಗ್ಗರಿ ಬಡಿಸಿದಳು.

ಮರುದಿನ ಶೀಜಾಗೆ ಅರ್ಧ ದಿನ ಬಿಡುವು. ತಾನೇ ನಡೆದು ನಮ್ಮ ಮನೆಗೆ ಬಂದಳು, ಊರಿನಿಂದ ತಂದಿದ್ದ ಉಣ್ಣಿಯಪ್ಪದ ಡಬ್ಬಿಯೊಂದಿಗೆ. ಬೆಲ್ಲ, ಬಾಳೆಹಣ್ಣು, ತುಪ್ಪದ ಘಮ ಜಗಲಿಯಿಂದ ಹಿತ್ತಲಿನವರೆಗೆ ಹರಡಿತು. ಬರದಿದ್ದ ಮಕ್ಕಳೂ ಅದು ಹೇಗೋ ಬಂದರು. ಶೀಜಾ ಪ್ರಿಂಟರಿನ ಪರದೆಯಲ್ಲಿ ರೆಸಾರ್ಟಿನ ವೈಫೈ ಬಿಡಿಸಿ ನಮ್ಮದನ್ನು ಆರಿಸಿದಳು. ಪ್ರಿಂಟರ್ ಪಾಸ್‌ವರ್ಡ್ ಕೇಳಿತು.

ಪಾಸ್‌ವರ್ಡ್ ಇದ್ದದ್ದು ಮೋಡೆಮ್ಮಿನ ಹೊಟ್ಟೆಗೆ ಅಂಟಿಸಿದ್ದ ಚೀಟಿಯಲ್ಲಿ. ಅದನ್ನು ತಿರುಗಿಸಿ ನೋಡಿದರೆ ಅಜ್ಜಿ ಸೋಮವಾರ ಸೋಮವಾರ ಒರೆಸಿ ಅರ್ಧದಷ್ಟು ಅಕ್ಷರಗಳು ಅಳಿಸಿಹೋಗಿದ್ದವು. ಉಳಿದ ಅರ್ಧದ ಮೇಲೆ ವಿಭೂತಿ. ಎಲ್ಲರೂ ಅಜ್ಜಿಯ ಕಡೆ ನೋಡಿದೆವು.

"ಕೊಳಕಾಗಿತ್ತು, ಒರೆಸ್ದೆ," ಎಂದಳು ಅಜ್ಜಿ, ಗಲ್ಲ ಎತ್ತಿ.

ಅಲ್ಲಿರುವುದು ಸೊನ್ನೆಯೋ ಇಂಗ್ಲಿಷಿನ 'ಓ' ಅಕ್ಷರವೋ? ಎಂಟೋ ಮೂರೋ? ಶೀಜಾ ಚೀಟಿಯನ್ನು ಟಾರ್ಚಿಗೆ ಹಿಡಿದಳು, ಸೆಲ್ವಿ ಒಂದು ಹೇಳಿದಳು, ಮಾದೇಶ ಇನ್ನೊಂದು ಹೇಳಿದ, ಅವ್ವ ಒಂದೊಂದನ್ನೂ ಒತ್ತಿ ನೋಡಿದಳು. ತಪ್ಪು, ತಪ್ಪು, ಮತ್ತೆ ತಪ್ಪು. ಉಣ್ಣಿಯಪ್ಪ ಮುಗಿಯುತ್ತ ಬಂತು. ಕೊನೆಗೆ ಯಾವ ಜೋಡಣೆ ಸರಿಯಾಯಿತೋ ನೆನಪಿಲ್ಲ. ಪರದೆಯ ಮೇಲೆ ಮಿನುಗುತ್ತಿದ್ದ ನೀಲಿ ದೀಪ ಮಿನುಗುವುದನ್ನು ಬಿಟ್ಟು ಒಂದೇ ಸಮ ಉರಿಯಿತು. ಅವ್ವ ಕಂಪ್ಯೂಟರಿನಲ್ಲಿ ಪ್ರಿಂಟರ್ ಹುಡುಕಲು ಒತ್ತಿದಳು. ಹಸಿರು ಪಟ್ಟಿ ಅರ್ಧ ದಾರಿಯನ್ನೂ ಓಡಲಿಲ್ಲ. ಹೆಸರು ಬಂತು, ನಮ್ಮದೇ ಅಂಕಿಗಳ ಬಾಲದೊಂದಿಗೆ.

ಆ ದೊಡ್ಡ 'ಅ' ಹೊರಗೆ ಬಂದಾಗ ಜಗಲಿಯಲ್ಲಿ ಎದ್ದ ಕೂಗಿಗೆ ಎಮ್ಮೆ ಹಗ್ಗ ಎಳೆಯಿತು. ಮಳೆಗೆ ಚಳಿ ಹಿಡಿದಿದ್ದ ಮಧ್ಯಾಹ್ನ, ಹಾಳೆ ಆಗ ತಾನೇ ಹೆಂಚಿನಿಂದ ತೆಗೆದ ರೊಟ್ಟಿಯ ಹಾಗೆ ಬೆಚ್ಚಗಿತ್ತು. ಒಬ್ಬರಾದ ಮೇಲೆ ಒಬ್ಬರು ಅದನ್ನು ಕೆನ್ನೆಗೆ ಒತ್ತಿಕೊಂಡೆವು. ಅಜ್ಜಿಗೂ ಕೊಟ್ಟೆವು. ಅವಳು ಕೆನ್ನೆಗೆ ಒತ್ತಿಕೊಂಡು, ಆಮೇಲೆ ಕಣ್ಣಿಗೂ ಒತ್ತಿಕೊಂಡಳು.

ರಜೆ ಮುಗಿಯುವ ಮೊದಲು ಪುಸ್ತಕಗಳು ಸಿದ್ಧವಾದವು. ತೆಳ್ಳಗಿದ್ದವು, ಬೆನ್ನಿಗೆ ಅವ್ವ ಗೋಣಿಸೂಜಿಯಲ್ಲಿ ದಾರ ಹೊಲಿದಿದ್ದಳು. ನಮ್ಮನೆಗೆ ಬಂದು ಬಿದ್ದಿದ್ದ ಊಟದ ಪಟ್ಟಿಗಳೂ ಹಾಳಾಗಲಿಲ್ಲ, ಖಾಲಿ ಬೆನ್ನಿನ ಮೇಲೆ ನಾವು ಕಾಗುಣಿತ ತಿದ್ದಿದೆವು. ಮಾದೇಶ ತನ್ನ ಹೆಸರನ್ನು ಬೆರಳಿನಿಂದ ಸವರಿ, "ಇದು ಅಳಿಸ್ತದಾ ಅಕ್ಕ?" ಎಂದು ಅವ್ವನನ್ನು ಕೇಳಿದ. "ಅಳ್ಸಾಕಿಲ್ಲ ಕನ," ಎಂದಳು ಅವ್ವ. ಮಾದೇಶನ ಅಪ್ಪ, ದಾರಿಯಲ್ಲಿ ನಗುತ್ತಿದ್ದವರಲ್ಲಿ ಒಬ್ಬ, ಆ ಸಂಜೆ ನಮ್ಮ ಜಗಲಿಯ ಮೇಲೆ ಹಾಲಿನ ಪಾತ್ರೆ ಇಟ್ಟು ಹೋದ.

ಎಲ್ಲರೂ ಖುಷಿಪಟ್ಟರು ಎಂದರೆ ಸುಳ್ಳಾಗುತ್ತದೆ. ಶೀಜಾ ಹೇಳಿದ ಮೇಲೆ ಮುದಲಾಳಿ ತನ್ನ ವೈಫೈಗೆ ಪಾಸ್‌ವರ್ಡ್ ಹಾಕಿಸಿದ. ಬೇಲಿಯ ಪಕ್ಕ ಕೂತು ಕದ್ದು ಸಿನಿಮಾ ಹಾಡು ನೋಡುತ್ತಿದ್ದ ಊರಿನ ಹುಡುಗರು ಎಷ್ಟೋ ದಿನ ಅವ್ವನನ್ನು ಕಂಡರೆ ಮುಖ ತಿರುಗಿಸುತ್ತಿದ್ದರು.

ಶೀಜಾ ಮಾತ್ರ ಬಿಡುವು ಸಿಕ್ಕಾಗಲೆಲ್ಲ ಬರುತ್ತಿದ್ದಳು. ಮಕ್ಕಳ ಸಾಲಿನ ಕೊನೆಯಲ್ಲಿ ಕೂತು ಅವಳೂ ಅಕ್ಷರ ಕಲಿತಳು. 'ಹ' ಎಂದರೆ ಅವಳಿಗೆ ಬಹಳ ಇಷ್ಟ, ಹಾಡಿನ ಆಲಾಪದ ಹಾಗೆ ಎಳೆದು ಹೇಳುತ್ತಿದ್ದಳು. ಅವ್ವ ಅವಳಿಂದ ಮಾವನಿಗೂ ಗೊತ್ತಿಲ್ಲದ ಕಂಪ್ಯೂಟರ್ ವಿದ್ಯೆ ಕಲಿತಳು. ಆಮೇಲಾಮೇಲೆ ಮಸಿನಗುಡಿಯಿಂದಲೂ ಜನ ಬರತೊಡಗಿದರು: "ಅಕ್ಕ, ನಮ್ಮ ಪ್ರಿಂಟರು ಮಾತಾಡ್ತಿಲ್ಲ, ಒಸಿ ಬಂದು ನೋಡಿ."

ಈಗ ನಾನು ಉದಕಮಂಡಲದ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ. ಬಾಡಿಗೆ ಮನೆಯಲ್ಲಿ ಪ್ರಿಂಟರ್ ಇದೆ. ಫೋನಿನಲ್ಲಿ ಒತ್ತಿದರೆ ಅದು ತಾನಾಗಿ ಎದ್ದು ಕೆಲಸ ಮುಗಿಸಿ ಮಲಗುತ್ತದೆ. ಒಂದು ದಿನವೂ ಅದರಿಂದ ಯಾರದೋ ಹಾಳೆ ಬಂದಿಲ್ಲ. ಗೋಡೆಯಾಚೆ ಒಂದು ಸಂಸಾರವಿದೆ, ಅವರ ವೈಫೈ ಹೆಸರು ನನಗೆ ಗೊತ್ತು, ಅವರ ಹೆಸರು ಗೊತ್ತಿಲ್ಲ.

ಅಜ್ಜಿ ಹೋಗಿ ಕೆಲವು ವರ್ಷಗಳಾದವು. ರೆಸಾರ್ಟ್ ಮುಚ್ಚಿದೆ, ಬೇಲಿಯ ಕಂಬಗಳು ಬಿದ್ದಲ್ಲೆಲ್ಲ ಆನೆಗಳು ನಡೆದು ದಾರಿ ಸವೆದಿದೆ. ಶೀಜಾ ಪಂದಲೂರಿನಲ್ಲಿ ತನ್ನದೇ ಕಂಪ್ಯೂಟರ್ ಸೆಂಟರ್ ನಡೆಸುತ್ತಾಳೆ. ಹಬ್ಬಕ್ಕೆ ಅವ್ವನಿಗೆ ಕನ್ನಡದಲ್ಲೇ ಶುಭಾಶಯ ಕಳಿಸುತ್ತಾಳೆ, ಒತ್ತಕ್ಷರ ತಪ್ಪಿರುತ್ತದೆ. ಆಗ ಜಗಲಿ ತುಂಬುತ್ತಿದ್ದ ಮಕ್ಕಳಲ್ಲಿ ಹೆಚ್ಚಿನವರಿಗೆ ಕನ್ನಡ ಅಕ್ಷರ ಮರೆತೇಹೋಗಿದೆ. ಈಗಿನ ಮಕ್ಕಳಿಗೆ ಫೋನಿನಲ್ಲಿ ಎಲ್ಲವೂ ಇದೆ. ಮಳೆಯಲ್ಲಿ ನೆನೆದು ಇನ್ನೊಬ್ಬರ ಜಗಲಿಗೆ ಬರುವ ಅಗತ್ಯವಿಲ್ಲ.

ಹೋದ ಸಲ ಊರಿಗೆ ಹೋದಾಗ ಸಂಜೆ ಅವ್ವ ಚಾಪೆ ಹಾಸುತ್ತಿದ್ದಳು. ಮೂರೇ ಮಕ್ಕಳು ಬಂದರು. ನನ್ನ ಮುಖದಲ್ಲಿ ಏನು ಕಂಡಳೋ, ಸೀಮೆಸುಣ್ಣ ಮುರಿದು ಮೂವರಿಗೂ ಹಂಚುತ್ತ ಹೇಳಿದಳು:

"ಮೂರು ಜನ ಅಂದ್ರೆ ಕಮ್ಮಿಯಾ ಕನವ್ವ? ಮೂವರ್ಗೆ ಓದಕ್ಕೆ ಬಂದ್ರೆ, ಒಬ್ರು ತಪ್ಪು ಹೇಳ್ದಾಗ ತಿದ್ದೋಕೆ ಇನ್ನಿಬ್ರು ಇರ್ತಾರೆ. ಬಾ, ನೀನೂ ಕೂತ್ಕೊ."

ನಾನು ಚಪ್ಪಲಿ ಬಿಟ್ಟು ಚಾಪೆಯ ತುದಿಯಲ್ಲಿ ಕೂತೆ.